‘ಒನ್, ಟೂ, ತ್ರೀ’ ಬಾಯಿಪಾಠವಾದರೆ ಸಾಕೇ?

ಶ್ರೀರಾಂಪುರ ಹೊಸದುರ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಈ ಸೀಮೆಯ ತೋಟಗಳಲ್ಲಿ ತೆಂಗು, ಅಡಿಕೆ, ದಾಳಿಂಬೆ. ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ, ಸಾವೆ. ಇಂಥ ಊರಿನ ಆರು ವರ್ಷದ ಮಗುವೊಂದನ್ನು ಕಲ್ಪಿಸಿಕೊಳ್ಳೋಣ. ತೋಟದಲ್ಲಿ ಕೆಡವಿದ ಕಾಯಿಯನ್ನು ಅಜ್ಜ ಜೋಡಿ ಜೋಡಿಯಾಗಿ ಎಣಿಸಿ ರಾಶಿ ಹಾಕುವಾಗ ಆ ಮಗು ಪಕ್ಕದಲ್ಲಿ ನಿಂತು ತಾನೂ ಎಣಿಸಿರುತ್ತದೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನಬೇಕೆಂಬುದನ್ನೂ ಕೇಳಿ ತಿಳಿದಿರುತ್ತದೆ. ಅದೇ ಮಗು ಒಂದನೇ ತರಗತಿಗೆ ಬಂದು ಕುಳಿತಾಗ ಗೋಡೆಯ ಚಿತ್ರಪಟದಲ್ಲಿ ಕಾಣುವುದು ಸೇಬು, ದ್ರಾಕ್ಷಿ, ಸ್ಟ್ರಾಬೆರಿ. ‘ಒನ್ ಆ್ಯಪಲ್, ಟೂ ಆ್ಯಪಲ್ಸ್’ ಎಂದು ಎಲ್ಲರೊಡನೆ ಕೂಗುತ್ತದೆ. ‘ಟೆನ್’ವರೆಗೆ ಸರಾಗವಾಗಿ ಸಾಗಿದ ನಾಲಿಗೆ ‘ಇಲೆವನ್’ ಬಂದೊಡನೆ ತೊಡರುತ್ತದೆ. ಮನೆಯಲ್ಲಿ ಕಾಯಿಯ ರಾಶಿಯನ್ನು ಎಣಿಸಬಲ್ಲ ಮಗು ಶಾಲೆಯಲ್ಲಿ ಲೆಕ್ಕ ಬಾರದ ಮಗುವಾಗಿಬಿಡುತ್ತದೆ.

ಇದು ಒಂದು ಊರಿನ, ಒಂದು ಶಾಲೆಯ ಮಾತಲ್ಲ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಳಲ್ಕೆರೆಗಳಲ್ಲಿಯೂ, ರಾಜ್ಯದ ಯಾವುದೇ ಗ್ರಾಮೀಣ ತಾಲ್ಲೂಕಿನಲ್ಲಿಯೂ ಎದುರಾಗಬಹುದಾದ ಸನ್ನಿವೇಶ. ಎಳೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಎಂದೊಡನೆ ನಮ್ಮ ಮನಸ್ಸಿಗೆ ಬರುವ ಮೊದಲ ಪಾಠಗಳೇ ಅಂಕಿಗಳು ಮತ್ತು ಹಣ್ಣುಗಳ ಹೆಸರುಗಳು. ಇವು ಅತಿ ಸುಲಭವೆಂದು ಭಾವಿಸಿಯೇ ಅವುಗಳ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಇಂಗ್ಲಿಷ್ ಬೇಕೇ, ಬೇಡವೇ ಎಂದು ದಶಕಗಳ ಕಾಲ ವಾದ ಮಾಡಿದ ನಾವು, ಇಂಗ್ಲಿಷಿನ ಮೊದಲ ಹತ್ತು ಪದಗಳನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಯನ್ನು ಶಿಕ್ಷಕರ ಪಾಲಿಗೆ ಬಿಟ್ಟು ಸುಮ್ಮನಾಗಿದ್ದೇವೆ.

ಆ ವಾದದ ಹಾದಿಯನ್ನು ಸಂಕ್ಷಿಪ್ತವಾಗಿ ನೆನೆಯಬಹುದು. ವಿ.ಕೃ. ಗೋಕಾಕ್ ಸಮಿತಿಯ ವರದಿ ಬಂದದ್ದು 1981ರಲ್ಲಿ. ಅದರ ಜಾರಿಗಾಗಿ ನಾಡು ಬೀದಿಗಿಳಿದದ್ದು ಮರುವರ್ಷ. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿತು. ಖಾಸಗಿ ಅನುದಾನರಹಿತ ಶಾಲೆಗಳಿಗೆ ಅದು ಅನ್ವಯಿಸದೆಂದು 2008ರಲ್ಲಿ ಹೈಕೋರ್ಟ್ ಹೇಳಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪಿತ್ತಿತು. ಈ ನಡುವೆ 2007-08ರ ಶೈಕ್ಷಣಿಕ ವರ್ಷದಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ ಜಾರಿಗೆ ಬಂದಿತ್ತು. ಅದಕ್ಕೂ ಮೊದಲು ಸರ್ಕಾರಿ ಕನ್ನಡ ಶಾಲೆಯ ಮಗು ಇಂಗ್ಲಿಷಿನ ಮುಖ ನೋಡುತ್ತಿದ್ದುದು ಸಾಮಾನ್ಯವಾಗಿ ಐದನೇ ತರಗತಿಯಲ್ಲಿ. ಮುಂದೆ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆಯುವ ನಿರ್ಧಾರವನ್ನು 2019ರ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನ ವಿರೋಧಿಸಿತು. ಆದರೂ ಆ ವರ್ಷವೇ ಯೋಜನೆ ಆರಂಭವಾಯಿತು.

ಹಳ್ಳಿಯ ತಂದೆತಾಯಂದಿರ ಆಸೆಯನ್ನು ಲಘುವಾಗಿ ಕಾಣುವ ಹಕ್ಕು ನಮಗೆ ಯಾರಿಗೂ ಇಲ್ಲ. ಬೆಳಿಗ್ಗೆ ಊರೊಳಗೆ ಬಂದು ಉಳ್ಳವರ ಮಕ್ಕಳನ್ನು ಹತ್ತಿಸಿಕೊಂಡು ಹೋಗುವ ಹಳದಿ ವ್ಯಾನನ್ನು ಅವರು ದಿನವೂ ನೋಡುತ್ತಾರೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಪುಸ್ತಕದ ಭಾಷೆಯೇ ಬದಲಾಗಿ ಕಂಗಾಲಾಗುವುದನ್ನೂ ಅವರು ಕಂಡಿದ್ದಾರೆ. ಇಂಗ್ಲಿಷ್ ತಮ್ಮ ಮಕ್ಕಳಿಗೂ ಸಿಗಲಿ ಎಂದು ಅವರು ಕೇಳುವುದು ನ್ಯಾಯದ ಕೇಳಿಕೆ. ತಮ್ಮ ಮಕ್ಕಳನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸಿ ಅನ್ಯರ ಮಕ್ಕಳಿಗೆ ಕನ್ನಡದ ಉಪದೇಶ ಮಾಡುವವರ ಮಾತು ಶ್ರೀರಾಂಪುರದ ಕೂಲಿಕಾರರ ಕಿವಿಗೆ ಬೀಳದಿದ್ದರೆ ಆಶ್ಚರ್ಯವೇನಿಲ್ಲ.

ಆದರೆ ಆ ತಂದೆತಾಯಂದಿರು ಕೇಳಿದ್ದು ಇಂಗ್ಲಿಷನ್ನು. ಅವರ ಮಕ್ಕಳಿಗೆ ಹಲವೆಡೆ ಸಿಗುತ್ತಿರುವುದು ಇಂಗ್ಲಿಷಿನ ಸದ್ದು ಮಾತ್ರ. ಎರಡರ ನಡುವಿನ ಅಂತರ ಅರಿಯಲು ಎಣಿಕೆಗಿಂತ ಒಳ್ಳೆಯ ಉದಾಹರಣೆಯಿಲ್ಲ.

ಅಂಕಿಗಳನ್ನು ಸಾಲಾಗಿ ಹೇಳುವುದು ಬೇರೆ, ಎಣಿಸುವುದು ಬೇರೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಷೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ 1978ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಎಣಿಕೆಯೊಳಗೆ ಅಡಗಿರುವ ತತ್ತ್ವಗಳನ್ನು ಬಿಡಿಸಿಟ್ಟರು. ಒಂದು ವಸ್ತುವಿಗೆ ಒಂದೇ ಅಂಕಿ ಹೇಳಬೇಕು. ಅಂಕಿಗಳ ಕ್ರಮ ತಪ್ಪಬಾರದು. ಕೊನೆಗೆ ಹೇಳಿದ ಅಂಕಿಯೇ ಇಡೀ ಗುಂಪಿನ ಮೊತ್ತ ಎಂದು ತಿಳಿಯಬೇಕು. ಈ ಕೊನೆಯದೇ ಕಷ್ಟದ್ದು. 1990ರಲ್ಲಿ ಕ್ಯಾರನ್ ವಿನ್ ಎಂಬ ಸಂಶೋಧಕಿ ಎಳೆಯ ಮಕ್ಕಳ ಮುಂದೆ ಆಟಿಕೆಗಳನ್ನಿಟ್ಟು ಇಂತಿಷ್ಟು ಕೊಡು ಎಂದು ಕೇಳಿದಾಗ, ಅಂಕಿಗಳನ್ನು ಸರಿಯಾಗಿ ಒಪ್ಪಿಸಬಲ್ಲ ಮಕ್ಕಳಲ್ಲಿಯೂ ಹಲವರು ಲೆಕ್ಕವಿಲ್ಲದೆ ಬೊಗಸೆಗೆ ಬಂದಷ್ಟನ್ನು ಎತ್ತಿಕೊಟ್ಟರು. ಬಾಯಿಗೆ ಬಂದದ್ದು ಕೈಗೆ ಬಂದಿರಲಿಲ್ಲ. ತಾಯ್ನುಡಿಯಲ್ಲಿಯೇ ಹೀಗಾದರೆ ಪರಭಾಷೆಯ ಮಾತೇನು?

ಇನ್ನು ಅಂಕಿಗಳ ಹೆಸರನ್ನೇ ನೋಡೋಣ. ಕನ್ನಡದಲ್ಲಿ ಹತ್ತರ ಮುಂದೆ ಹನ್ನೊಂದು, ಹನ್ನೆರಡು, ಹದಿಮೂರು. ಹತ್ತು ಮೊದಲು, ಬಿಡಿ ನಂತರ. ಹದಿ ಮತ್ತು ಮೂರು ಸೇರಿ ಹದಿಮೂರು ಎಂಬುದು ಪದದಲ್ಲಿಯೇ ಕೇಳಿಸುತ್ತದೆ. ಇಂಗ್ಲಿಷಿನ ‘ಇಲೆವನ್’, ‘ಟ್ವೆಲ್ವ್’ ಪದಗಳಲ್ಲಿ ಮಗುವಿಗೆ ಒಂದೂ ಕೇಳಿಸದು, ಎರಡೂ ಕೇಳಿಸದು. ಹತ್ತು ತೆಗೆದರೆ ಒಂದು ಉಳಿಯಿತು, ಎರಡು ಉಳಿಯಿತು ಎಂಬ ಹಳೆಯ ಅರ್ಥ ಅವುಗಳಲ್ಲಿದ್ದರೂ ಇಂಗ್ಲಿಷರಿಗೇ ಈಗ ಅದು ಮರೆತುಹೋಗಿದೆ. ‘ಥರ್ಟೀನ್’ನಿಂದ ‘ನೈನ್‌ಟೀನ್’ವರೆಗೆ ಕ್ರಮವೇ ತಿರುಗುಮುರುಗು: ಬಿಡಿ ಮೊದಲು, ಹತ್ತು ನಂತರ. ಬರೆಯುವಾಗ ಮಾತ್ರ 1 ಮೊದಲು, 3 ನಂತರ. ಮಗು ‘ಥರ್ಟೀನ್’ ಎಂದು ಕೇಳಿ 31 ಎಂದು ಬರೆದರೆ ಅದು ದಡ್ಡತನವಲ್ಲ, ಕಿವಿಗೆ ಬಿದ್ದುದನ್ನು ನಂಬಿದ ಪ್ರಾಮಾಣಿಕತೆ. ‘ಥರ್ಟೀನ್–ಥರ್ಟಿ’, ‘ಫೋರ್ಟೀನ್–ಫೋರ್ಟಿ’ ಜೋಡಿಗಳ ಗೊಂದಲ ಬೇರೆ. ‘ಟ್ವೆಂಟಿ ಒನ್’ಗೆ ಬಂದರೆ ಮತ್ತೆ ಇಪ್ಪತ್ತೊಂದರ ದಾರಿಯೇ.

ಇದು ಊಹೆಯ ಮಾತಲ್ಲ. ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ಚೀನಾ ಮತ್ತು ಅಮೆರಿಕದ ಎಳೆಯ ಮಕ್ಕಳ ಎಣಿಕೆಯನ್ನು ಹೋಲಿಸಿದರು. ಹತ್ತರವರೆಗೆ ಎರಡೂ ದೇಶದ ಮಕ್ಕಳಲ್ಲಿ ಹೆಚ್ಚಿನ ಭೇದ ಕಾಣಲಿಲ್ಲ. ಹತ್ತು ದಾಟಿದೊಡನೆ ಅಮೆರಿಕದ ಮಕ್ಕಳು ಹಿಂದೆ ಬಿದ್ದರು. ಚೀನೀ ಭಾಷೆಯಲ್ಲಿ ಹನ್ನೊಂದಕ್ಕೆ ‘ಹತ್ತು ಒಂದು’ ಎಂದೇ ಹೆಸರು. ಇಂಗ್ಲಿಷ್ ಮನೆಮಾತಾದ ಮಕ್ಕಳೇ ಎಡವುವ ಜಾಗದಲ್ಲಿ ನಮ್ಮ ಹಳ್ಳಿಯ ಮಗುವೂ ಎಡವುತ್ತದೆ. ಅಲ್ಲಿ ಅದನ್ನು ಭಾಷೆಯ ತೊಡಕೆಂದು ಕರೆಯುತ್ತಾರೆ, ಇಲ್ಲಿ ಮಗುವಿನ ಬುದ್ಧಿಯ ದೋಷವೆನ್ನುತ್ತೇವೆ. ಶಿಕ್ಷಕರಿಗೆ ಈ ಒಂದು ಸಂಗತಿ ತಿಳಿದಿದ್ದರೆ ಹನ್ನೊಂದರಿಂದ ಹತ್ತೊಂಬತ್ತರವರೆಗಿನ ಒಂಬತ್ತು ಪದಗಳಿಗೆ ಹೆಚ್ಚು ದಿನ ಕೊಟ್ಟು, ಉಳಿದುದನ್ನು ಕನ್ನಡದ ಬಲದಿಂದಲೇ ದಾಟಿಸಬಹುದು.

ಹಣ್ಣುಗಳ ಪಾಠವೂ ಹೀಗೆಯೇ. ಕನ್ನಡದ ಮಗುವಿಗೆ ಹೀಚು, ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂಬ ಹಂತಗಳು ಗೊತ್ತು. ಉಪ್ಪಿನಕಾಯಿಗೆ ಮಿಡಿ, ಚಿತ್ರಾನ್ನಕ್ಕೆ ಮಾವಿನಕಾಯಿ, ತಿನ್ನಲು ಮಾವಿನಹಣ್ಣು. ಇಂಗ್ಲಿಷ್ ಇವಕ್ಕೆಲ್ಲ ‘ಮ್ಯಾಂಗೋ’ ಎಂಬ ಒಂದೇ ಹೆಸರನ್ನಿಟ್ಟುಕೊಂಡು ಹಿಂದೆ ಮುಂದೆ ಒಂದೊಂದು ವಿಶೇಷಣ ಸೇರಿಸುತ್ತದೆ. ಬಾಳೆಯಲ್ಲಿ ಗೊನೆ ಬೇರೆ, ಚಿಪ್ಪು ಬೇರೆ ಎಂದು ಬಲ್ಲ ಮಗುವಿಗೆ ‘ಬನಾನ’ ಎಂಬ ಪದ ಕಷ್ಟವಾಗಬೇಕಿಲ್ಲ. ಸಂತೆಯಲ್ಲಿ ‘ಡಜನ್’ ಎಂಬ ಇಂಗ್ಲಿಷ್ ಎಣಿಕೆ ಅದರ ಕಿವಿಗೆ ಆಗಲೇ ಬಿದ್ದಿದೆ. ವ್ಯಾಕರಣದ ಸೂಕ್ಷ್ಮವೊಂದು ಇಲ್ಲಿಯೇ ಇದೆ. ನಾವು ‘ಐದು ಕಾಯಿ’ ಎನ್ನುತ್ತೇವೆಯೇ ಹೊರತು ‘ಐದು ಕಾಯಿಗಳು’ ಎನ್ನುವುದು ವಿರಳ. ಮನುಷ್ಯರಾದರೆ ‘ಐದು’ ಹೋಗಿ ‘ಐವರು’ ಬರುತ್ತದೆ. ಇಂಗ್ಲಿಷಿನಲ್ಲಿ ಕಾಯಿಯಾಗಲಿ, ಮನುಷ್ಯರಾಗಲಿ ‘ಫೈವ್’ ಬದಲಾಗದು, ನಾಮಪದಕ್ಕೆ ಬಹುವಚನ ಮಾತ್ರ ತಪ್ಪದು. ‘ಟೂ ಮ್ಯಾಂಗೋ’ ಎಂದ ಮಗು ತಪ್ಪು ಮಾಡಿದ್ದು ಕನ್ನಡದ ನಿಯಮವನ್ನು ಸರಿಯಾಗಿ ಪಾಲಿಸಿದ್ದರಿಂದ.

ಚಿತ್ರಪಟದ ಸೇಬಿಗೆ ಮರಳೋಣ. ಸೇಬು ಕಾಶ್ಮೀರದಿಂದಲೋ ಹಿಮಾಚಲದಿಂದಲೋ ಬಂದು ಪೇಟೆಯ ತಳ್ಳುಗಾಡಿಯಲ್ಲಿ ಕೂರುವ ಹಣ್ಣು. ಹಳ್ಳಿಯ ಬಡವರ ಮನೆಗೆ ಅದು ಬರುವುದು ಯಾರಿಗಾದರೂ ಜ್ವರ ಬಂದಾಗ. ಸೀತಾಫಲ, ಸೀಬೆ, ನೇರಳೆ, ಬೇಲ, ಹುಣಸೆ ಚಿತ್ರಪಟದಲ್ಲಿ ಇಲ್ಲ. ಇಂಗ್ಲಿಷರೇ ಈ ವಿಷಯದಲ್ಲಿ ಜಾಣರಾಗಿದ್ದರು. ಹಿಂದೆ ಅವರ ಭಾಷೆಯಲ್ಲಿ ‘ಆ್ಯಪಲ್’ ಎಂದರೆ ಯಾವುದೇ ಹಣ್ಣು ಎಂಬ ಅರ್ಥವೂ ಇತ್ತು. ಕಾಣದ ಹಣ್ಣುಗಳು ಎದುರಾದಾಗ ಆ ಪರಿಚಿತ ಪದವನ್ನೇ ಹಿಡಿದು ಅನಾನಸಿಗೆ ‘ಪೈನ್ ಆ್ಯಪಲ್’, ಬೇಲಕ್ಕೆ ‘ವುಡ್ ಆ್ಯಪಲ್’, ಸೀತಾಫಲಕ್ಕೆ ‘ಕಸ್ಟರ್ಡ್ ಆ್ಯಪಲ್’ ಎಂದರು. ನಮ್ಮವರೂ ಹೊರಗಿನಿಂದ ಬಂದ ಪಪಾಯಿಗೆ ‘ಪರಂಗಿ ಹಣ್ಣು’ ಎಂದು ಹೆಸರಿಟ್ಟರು. ಬಲ್ಲುದರಿಂದ ಬಾರದುದಕ್ಕೆ ಹೋಗುವುದೇ ಎಲ್ಲ ಭಾಷೆಗಳ ಸಹಜ ನಡಿಗೆ. ಶಾಲೆ ಮಾತ್ರ ಮಗುವನ್ನು ಕಾಣದ ಹಣ್ಣಿನಿಂದ ತಿಳಿಯದ ಪದಕ್ಕೆ ನಡೆಸುತ್ತಿದೆ. ‘ಮ್ಯಾಂಗೋ’, ‘ಜ್ಯಾಕ್’, ‘ಕೊಪ್ರಾ’ ಎಂಬ ಇಂಗ್ಲಿಷ್ ಪದಗಳು ಪೋರ್ಚುಗೀಸರ ಮೂಲಕ ನಮ್ಮ ನೆರೆಯ ದ್ರಾವಿಡ ನುಡಿಗಳಿಂದಲೇ ಹೋದವು ಎಂದು ತಿಳಿದರೆ ತೆಂಗಿನ ನಾಡಿನ ಮಗುವಿಗೆ ಎಷ್ಟು ಧೈರ್ಯ ಬಂದೀತು!

ಮಗು ದಾಟಬೇಕಾದ ಮೆಟ್ಟಿಲು ಒಂದೇ ಅಲ್ಲ ಎಂಬುದನ್ನೂ ಮರೆಯಬಾರದು. ಈ ಭಾಗದ ಆಡುಮಾತಿನಲ್ಲಿ ಹಣ್ಣು ಹಲವರ ಬಾಯಲ್ಲಿ ‘ಅಣ್ಣು’. ಶಾಲೆ ಮೊದಲು ಅದನ್ನು ‘ಹಣ್ಣು’ ಎಂದು ತಿದ್ದುತ್ತದೆ, ಆಮೇಲೆ ‘ಫ್ರೂಟ್’ ಎನ್ನುತ್ತದೆ. ಲಂಬಾಣಿ ತಾಂಡಾದ ಮಗುವಿಗೆ, ಉರ್ದು ಅಥವಾ ತೆಲುಗು ಮನೆಮಾತಿನ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಒಂದೇ ವರ್ಷದಲ್ಲಿ ಮೂರು ಮೆಟ್ಟಿಲು ಹತ್ತಬೇಕಾದವರಿಗೆ ಕೈ ಹಿಡಿಯುವವರು ಬೇಕು.

ಹಾಗಾದರೆ ಮಾಡಬೇಕಾದುದೇನು? ದಾರಿಯನ್ನು ಹೊಸದಾಗಿ ಹುಡುಕಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಸರ್ಕಾರಿ ಶಿಕ್ಷಕರೇ ರೂಪಿಸಿದ, ಮುಂದೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿ ನಮ್ಮ ಕೈಯಲ್ಲಿದೆ. ಮಗು ತನ್ನ ವೇಗದಲ್ಲಿ ಏಣಿ ಹತ್ತುವ, ಕೈಯಿಂದ ಮುಟ್ಟಿ ಕಲಿಯುವ ಪದ್ಧತಿ ಅದು. ಅದರ ಜೀವಾಳವನ್ನು ಇಂಗ್ಲಿಷ್ ಪಾಠಕ್ಕೂ ತರಬೇಕು. ಹುಣಸೆ ಬೀಜ, ತೆಂಗಿನ ಚಿಪ್ಪು, ಸೀಬೆ ಕಾಯಿ ತರಗತಿಗೆ ಬರಲಿ. ಮೊದಲು ಕನ್ನಡದಲ್ಲಿ ಎಣಿಸಿ, ಅದೇ ರಾಶಿಯನ್ನು ಇಂಗ್ಲಿಷಿನಲ್ಲಿ ಎಣಿಸಲಿ. ಬೀಜಗಳನ್ನು ಹತ್ತರ ಗುಂಪು ಮಾಡಿ, ಪಕ್ಕದಲ್ಲಿ ಬಿಡಿ ಮೂರನ್ನಿಟ್ಟು ‘ಥರ್ಟೀನ್’ ಎಂದರೆ ಅರ್ಥ ಕಣ್ಣೆದುರಿಗಿರುತ್ತದೆ. ಪರೀಕ್ಷೆಯ ಪ್ರಶ್ನೆ ‘ನೂರರವರೆಗೆ ಹೇಳು’ ಎಂಬುದಾಗದೆ ‘ನನಗೆ ಏಳು ಕೊಡು’ ಎಂಬುದಾಗಲಿ.

ಇದೆಲ್ಲವೂ ನಿಂತಿರುವುದು ಶಿಕ್ಷಕರ ಮೇಲೆ. ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ತರಬೇತಿ ಪಡೆದು, ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವವರು ಅವರು. ಕೆಲವೇ ದಿನಗಳ ತರಬೇತಿ ಕೊಟ್ಟು ಇಂಗ್ಲಿಷ್ ಕಲಿಸಿ ಎಂದರೆ ಅವರು ತಾಳ ಹಾಕಿ ಕೂಗಿಸದೆ ಇನ್ನೇನು ಮಾಡಬಲ್ಲರು? 1963ರಿಂದ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ, ಜಿಲ್ಲೆಗಳಲ್ಲಿ ಡಯಟ್‌ಗಳಿವೆ. ಈ ಸಂಸ್ಥೆಗಳ ಅನುಭವ ಹೋಬಳಿಯ ಶಾಲೆಯನ್ನು ಮುಟ್ಟಬೇಕು. ವರ್ಷಕ್ಕೊಮ್ಮೆ ಅಲ್ಲ, ತಿಂಗಳು ತಿಂಗಳೂ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ನಗರಗಳ ಮನೆಗಳಲ್ಲಿ ಈಗ ‘ಎಪ್ಪತ್ತೊಂಬತ್ತು’ ಎಂದರೆ ಎಷ್ಟೆಂದು ಕೇಳುವ ಕನ್ನಡದ ಮಕ್ಕಳಿದ್ದಾರೆ. ಅವರು ಕನ್ನಡದ ಎಣಿಕೆ ಕಳೆದುಕೊಂಡರೂ ಇಂಗ್ಲಿಷಿನದನ್ನು ಪೂರ್ತಿಯಾಗಿ ಪಡೆದಿದ್ದಾರೆ. ಹಳ್ಳಿಯ ಮಗುವಿನ ಅಪಾಯ ಇದಕ್ಕಿಂತ ದೊಡ್ಡದು. ಇರುವುದನ್ನು ಕಡೆಗಣಿಸಿ, ಬರಬೇಕಾದುದನ್ನು ಬರಿಯ ಸದ್ದಾಗಿ ಕೊಟ್ಟರೆ ಅದರ ಕೈಯಲ್ಲಿ ಎರಡೂ ಉಳಿಯವು. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಲೆಕ್ಕವೆಂದರೆ ಹೆದರಿಕೆ, ಇಂಗ್ಲಿಷೆಂದರೆ ನಾಚಿಕೆ ಎಂಬ ಸ್ಥಿತಿಯಲ್ಲಿ ಅದು ಹಿಂದಿನ ಬೆಂಚಿಗೆ ಸರಿಯುತ್ತದೆ. ಕೆಲವು ವರ್ಷಗಳಲ್ಲಿ ಶಾಲೆಯಿಂದಲೇ ಸರಿದುಹೋದರೂ ಯಾರಿಗೂ ತಿಳಿಯುವುದಿಲ್ಲ.

ಇಂಗ್ಲಿಷ್ ಕಲಿಸುವುದಾಗಿ ಸರ್ಕಾರ 2007ರಲ್ಲಿ ಕೊಟ್ಟ ಮಾತು ನ್ಯಾಯವಾದದ್ದೇ. ಆ ಮಾತು ಉಳಿಯಬೇಕಾದರೆ ಪಾಠ ಆರಂಭವಾಗಬೇಕಾದದ್ದು ಮಗು ಮನೆಯಿಂದ ತಂದ ಎಣಿಕೆಯಿಂದ, ಅದರ ಅಂಗಳದ ಹಣ್ಣಿನಿಂದ. ಅಜ್ಜನ ಜೊತೆ ನೂರು ಕಾಯಿ ಎಣಿಸಿದ ಮಗುವಿಗೆ ‘ಹಂಡ್ರೆಡ್’ ಎಂಬುದು ಹೊಸ ಪದವೊಂದೇ. ಲೆಕ್ಕ ಆಗಲೇ ಅದರದಾಗಿದೆ. ಅಷ್ಟನ್ನು ಗುರುತಿಸುವ ಕಣ್ಣು ನಮ್ಮ ಶಾಲೆಗಳಿಗೆ ಬರಬೇಕಾಗಿದೆ.