ಸಾಲಿನ ಕೊನೆಯ ಬೈಕು

ಅಮಾವಾಸ್ಯೆ ಬಂತೆಂದರೆ ಕೊಳ್ಳೇಗಾಲದಿಂದ ಹನೂರಿನತ್ತ ಹೋಗುವ ರಸ್ತೆಯಲ್ಲಿ ಬೈಕುಗಳ ಸಾಲು ಶುರುವಾಗುತ್ತದೆ. ಒಂದೇ ಊರಿನ, ಎಷ್ಟೋ ಸಲ ಒಂದೇ ಬೀದಿಯ ಎಂಟು ಹತ್ತು ಹುಡುಗರು ಸೇರಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೊರಟಿರುತ್ತಾರೆ. ಭಾನುವಾರವಾದರೆ ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ದಾಟಿ ಬರುವ ತಂಡಗಳೂ ಸಿಗುತ್ತವೆ. ಕೆಲವರು ಭರಚುಕ್ಕಿ ನೋಡಿ ಹಿಂದಿರುಗುತ್ತಾರೆ, ಇನ್ನು ಕೆಲವರು ಯಳಂದೂರಿನ ಮೇಲೆ ಹಾದು ಬಿಳಿಗಿರಿರಂಗನ ಬೆಟ್ಟದ ಕಡೆ ತಿರುಗುತ್ತಾರೆ. ಇಂಥ ಸಾಲಿನಲ್ಲಿ ಮುಂದೆ ಹೋಗುವವನ ಮೇಲೇ ಎಲ್ಲರಿಗೂ ಗಮನ. ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುವವನು ಮಾತ್ರ ಕೊನೆಯ ಬೈಕಿನವನು. ಅವನನ್ನು ದೂರಿ ಪ್ರಯೋಜನವಿಲ್ಲ, ಸಾಲಿನ ಲೆಕ್ಕವೇ ಹಾಗಿದೆ.

ಹತ್ತು ಬೈಕುಗಳು ಗಂಟೆಗೆ 60 ಕಿ.ಮೀ. ವೇಗದಲ್ಲಿ, ಒಂದಕ್ಕೊಂದು ಒಂದು ಸೆಕೆಂಡಿನ ಅಂತರವಿಟ್ಟು ಹೋಗುತ್ತಿವೆ ಎಂದುಕೊಳ್ಳೋಣ. ಆ ವೇಗಕ್ಕೆ ಸೆಕೆಂಡಿಗೆ ಸುಮಾರು 17 ಮೀಟರ್ ದಾರಿ ಸವೆಯುತ್ತದೆ. ಹಾಗಾಗಿ ಸಾಲಿನ ಉದ್ದ 150 ಮೀಟರ್. ಊರಿನ ಹಂಪ್ ಬಂದು ಎಲ್ಲರೂ 20ಕ್ಕೆ ಇಳಿದರೆ ಅದೇ ಸಾಲು 50 ಮೀಟರಿಗೆ ಕುಗ್ಗುತ್ತದೆ. ಹಂಪ್ ದಾಟಿದ ಮುಂದಾಳು ಮತ್ತೆ 60ಕ್ಕೆ ಏರಿಸುತ್ತಾನೆ. ಕೊನೆಯವನು ಇನ್ನೂ ಹಂಪಿನ ಈಚೆಗಿದ್ದಾನೆ, ಅವನ ಕಣ್ಣೆದುರೇ ಗೆಳೆಯರು ದೂರವಾಗುತ್ತಾರೆ. ನಿಜಕ್ಕೂ ಅವನು ಹಿಂದೆ ಬಿದ್ದಿಲ್ಲ. ಮೊದಲ ಬೈಕಿಗೂ ಅವನಿಗೂ ಹಂಪಿಗೆ ಮುಂಚೆ ಇದ್ದದ್ದು 9 ಸೆಕೆಂಡಿನ ಅಂತರ, ಈಗಲೂ ಅಷ್ಟೇ. ಹೆಚ್ಚಾದದ್ದು ಮೀಟರುಗಳು. ಕಣ್ಣಿಗೆ ಕಾಣುವುದೂ ಅವೇ. ಬಿಟ್ಟುಹೋದೆನೆಂಬ ಗಾಬರಿಯಲ್ಲಿ ಅವನು 80, 90ಕ್ಕೆ ಹೋಗುತ್ತಾನೆ, ಮುಂದಿನವನ ಬೆನ್ನಿಗೆ ಬಂದು ಜೋರಾಗಿ ಬ್ರೇಕ್ ಒತ್ತುತ್ತಾನೆ.

ಈ ಹಿಗ್ಗುಕುಗ್ಗು ಸಾಲಿನ ಹಿಂದಕ್ಕೆ ಹೋದಂತೆ ಬಲಿಯುತ್ತದೆ. ಜಪಾನಿನ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಲಾಯಿತು. ಎಲ್ಲರೂ ಗಂಟೆಗೆ 30 ಕಿ.ಮೀ. ವೇಗ ಕಾಯ್ದುಕೊಳ್ಳಬೇಕಿತ್ತು. ಅಡ್ಡ ಬರುವ ದನವಿಲ್ಲ, ಸಿಗ್ನಲ್ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಯಾರೋ ಕೊಂಚ ನಿಧಾನಿಸಿದರು, ಹಿಂದಿನವರು ಇನ್ನೂ ಹೆಚ್ಚು ನಿಧಾನಿಸಿದರು, ಕಡೆಗೆ ಕೆಲವು ಕಾರುಗಳು ನಿಂತೇಬಿಟ್ಟವು. ಆ ತಡೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯುತ್ತ ಹೋಯಿತು. ಮುಂದಿನವನ ಸಣ್ಣ ಬ್ರೇಕು ಹಿಂದಿನವರಿಗೆ ದೊಡ್ಡ ಬ್ರೇಕಾಗುವ ಈ ಗುಣ ಬೈಕುಗಳ ಸಾಲಿಗೂ ಇದೆ.

ಅಟ್ಟಿಸಿಕೊಂಡು ಹೋಗಿ ಸೇರಿಕೊಳ್ಳುವುದು ಎಷ್ಟು ದುಬಾರಿ ಎಂಬುದನ್ನೂ ನೋಡಬೇಕು. ತಂಡ 60ರಲ್ಲಿದ್ದು, 300 ಮೀಟರ್ ಹಿಂದೆ ಉಳಿದವನು 70ರಲ್ಲಿ ಓಡಿಸಿದರೆ ಸೇರಿಕೊಳ್ಳಲು ಸುಮಾರು 108 ಸೆಕೆಂಡು ಬೇಕು. ಅಷ್ಟರಲ್ಲಿ ಎರಡು ಕಿ.ಮೀ.ಗೂ ಹೆಚ್ಚು ದಾರಿ ಕಳೆದಿರುತ್ತದೆ. ಹನೂರಿನಾಚೆ ಕೌದಳ್ಳಿ ದಾಟಿದ ಮೇಲೆ ಅಷ್ಟುದ್ದದ ನೇರ ರಸ್ತೆ ಎಲ್ಲಿ ಸಿಗಬೇಕು? ತಿರುವಿನಲ್ಲೇ ವೇಗ ಹೆಚ್ಚಿಸಬೇಕಾಗುತ್ತದೆ. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಜಾರುವ ದೂರ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ.

ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ 948ನೇ ರಾಷ್ಟ್ರೀಯ ಹೆದ್ದಾರಿಯಂಥ ಅಗಲದ, ನೇರ ರಸ್ತೆಗೆ ಒಪ್ಪುವ ಕ್ರಮ ಎಡಬಲ ಸಾಲಿನದು. ಮುಂದಾಳು ತನ್ನ ಪಥದ ಬಲಭಾಗದಲ್ಲಿ, ಎರಡನೆಯವನು ಒಂದು ಸೆಕೆಂಡು ಹಿಂದೆ ಎಡಭಾಗದಲ್ಲಿ, ಮೂರನೆಯವನು ಮತ್ತೆ ಬಲದಲ್ಲಿ. ಹೀಗೆ ಹೋದರೆ ನೇರ ಮುಂದಿರುವ ಬೈಕಿಗೂ ತನಗೂ ಎರಡು ಸೆಕೆಂಡಿನ ಜಾಗ ಉಳಿಯುತ್ತದೆ, ಗುಂಡಿ ಬಂದಾಗ ಪಕ್ಕಕ್ಕೆ ಸರಿಯಲೂ ಜಾಗವಿರುತ್ತದೆ. ಮಾತಾಡಿಕೊಂಡು ಜೋಡಿಯಾಗಿ ಹೋಗುವವರಿಗೆ ಆ ಜಾಗವೇ ಇಲ್ಲ. ಅಳತೆಗೆ ಗಡಿಯಾರ ಬೇಡ. ನೇರ ಮುಂದಿನ ಬೈಕು ಮೈಲಿಗಲ್ಲು ದಾಟಿದೊಡನೆ ‘ಉಘೇ ಮಾದಪ್ಪ’ ಎಂದು ಅವಸರವಿಲ್ಲದೆ ಎರಡು ಸಲ ಹೇಳಿಕೊಂಡರೆ ಹತ್ತಿರ ಹತ್ತಿರ ಎರಡು ಸೆಕೆಂಡು.

ಘಾಟಿ ಶುರುವಾಗುವ ತಾಳಬೆಟ್ಟದಿಂದ ಮೇಲಕ್ಕೆ ಈ ಕ್ರಮ ಸಲ್ಲದು. ಘಾಟಿಯಲ್ಲಿ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು, ಅಂತರವೂ ಹೆಚ್ಚಬೇಕು. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ದಾಟಲು ಬೈಕು ಸುಮಾರು 25 ಡಿಗ್ರಿ ವಾಲಬೇಕು. 40ರಲ್ಲಿ ದಾಟಲು ಹೊರಟರೆ 40 ಡಿಗ್ರಿ ವಾಲಬೇಕಾಗುತ್ತದೆ. ಒಣ ಡಾಂಬರಿನ ಮೇಲೂ ಅದು ಟೈರಿನ ಹಿಡಿತದ ಕೊನೆಯ ಅಂಚು, ಆಮೇಲೆ ಬ್ರೇಕಿಗೆ ಮಿಕ್ಕುವ ಹಿಡಿತ ಬಹಳ ಕಡಿಮೆ. ಇನ್ನೊಂದು ಅಪಾಯ ಓಡಿಸುವವನಿಗೆ ಹೊಳೆಯುವುದೇ ಇಲ್ಲ. ಬಲಕ್ಕೆ ತಿರುಗುವಾಗ ಟೈರು ನಡುಗೆರೆಯ ಒಳಗೇ ಇದ್ದರೂ, ವಾಲಿದ ತಲೆ ಎರಡರಿಂದ ಮೂರು ಅಡಿ ಆಚೆಗೆ, ಎದುರು ಬರುವವರ ಪಥಕ್ಕೆ ಚಾಚಿರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಇಳಿದು ಬರುವ ಬಸ್ಸಿಗೆ ಇಡೀ ರಸ್ತೆಯೂ ಸಾಲದು. ಬಲ ತಿರುವಿನಲ್ಲಿ ಪಥದ ಎಡಭಾಗಕ್ಕೆ ಸರಿದು ಹೋಗಬೇಕಾದದ್ದು ಇದಕ್ಕೇ.

ಹನೂರು ಸೀಮೆಯ ರಸ್ತೆಗಳಿಗೆ ತಮ್ಮದೇ ಆದ ಇನ್ನೊಂದು ಕಷ್ಟವಿದೆ. ಸುಗ್ಗಿ ಕಾಲದಲ್ಲಿ ಹುರುಳಿ, ರಾಗಿಯನ್ನು ಒಕ್ಕಣೆಗೆಂದು ಡಾಂಬರಿನ ಮೇಲೇ ಹರಡಿರುತ್ತಾರೆ. ಕಣವಿಲ್ಲದ ರೈತರ ಪಾಡು ಅರ್ಥವಾಗುವಂಥದ್ದೇ. ಆದರೆ ಹುರುಳಿ ಕಾಳು ಟೈರಿನಡಿ ಬೇರಿಂಗಿನ ಗುಂಡಿನಂತೆ ಉರುಳುತ್ತದೆ, ಬಳ್ಳಿ ಚಕ್ರಕ್ಕೂ ಚೈನಿಗೂ ಸುತ್ತಿಕೊಳ್ಳುತ್ತದೆ. ಅಲ್ಲಿ ಬ್ರೇಕ್ ಹಿಡಿಯದೆ, ವಾಲಿಸದೆ, ಮೊದಲೇ ವೇಗ ಇಳಿಸಿಕೊಂಡು ನೇರವಾಗಿ ದಾಟಬೇಕು. ಮುಂದಾಳಿಗೆ ಇದು ದೂರದಿಂದಲೇ ಕಾಣುತ್ತದೆ. ಏಳನೆಯವನಿಗೆ ಮುಂದಿನವನ ಬೆನ್ನೇ ಅಡ್ಡ. ಮುಂದಾಳು ಕಾಲಿನಿಂದಲೋ ಕೈಯಿಂದಲೋ ನೆಲದತ್ತ ತೋರಿಸಿ, ಆ ಸನ್ನೆಯನ್ನು ಪ್ರತಿಯೊಬ್ಬನೂ ಹಿಂದಿನವನಿಗೆ ದಾಟಿಸಿದರೆ ಮಾತ್ರ ಅದು ಕೊನೆಯವನನ್ನು ಮುಟ್ಟುತ್ತದೆ.

ಊರೊಳಗೂ ಕಾಡಲ್ಲೂ ಕಥೆ ಇದೇ. ಮೂರು ಬೈಕು ದಾಟಿದ್ದನ್ನು ನೋಡಿ, ಎಲ್ಲ ಹೋದವೆಂದುಕೊಂಡು ಅಜ್ಜಿಯೊಬ್ಬಳು ರಸ್ತೆಗೆ ಕಾಲಿಡುತ್ತಾಳೆ. ಆಡು ಮರಿಗಳೂ ಹಾಗೇ. ಯಳಂದೂರಿನಿಂದ ಗುಂಬಳ್ಳಿಯ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ರಸ್ತೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡನ್ನು ಹಾಯುತ್ತದೆ. ಪೊದೆಯ ಮರೆಯ ಆನೆ ಮೊದಲ ಬೈಕಿನ ಸದ್ದಿಗೆ ಕಿವಿ ನಿಮಿರಿಸಿದರೆ, ಅದು ರಸ್ತೆಗೆ ಬರುವ ಹೊತ್ತಿಗೆ ಎದುರಾಗುವವರು ಹಿಂದಿನವರು.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನಗಳಲ್ಲಿದ್ದವರು. ಐಎಸ್‌ಐ ಗುರುತಿನ ಹೆಲ್ಮೆಟ್ ಓಡಿಸುವವನಿಗೂ ಹಿಂದೆ ಕೂತವನಿಗೂ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಂಡದ ವಿಷಯಕ್ಕೆ ಬಂದರೆ, ಐದರಿಂದ ಏಳು ಬೈಕು ಸಾಕು. ಹೆಚ್ಚಾದರೆ ಎರಡು ತಂಡ ಮಾಡಿಕೊಳ್ಳಬೇಕು. ಹೊಸಬನನ್ನು ಮುಂದಾಳಿನ ಬೆನ್ನಿಗೇ ಇರಿಸಿ, ಅವನಿಗೆ ಒಗ್ಗುವ ವೇಗವನ್ನೇ ಇಡೀ ತಂಡದ ವೇಗ ಮಾಡಬೇಕು. ಕೊನೆಯ ಜಾಗ ಗಟ್ಟಿ ಕೈಯವನದು. ನಮ್ಮಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು: ಹಳೆಯ ಗಾಡಿಯವನು, ಅಳುಕುವವನು ಕೊನೆಗೆ.

ಹೊರಡುವ ಮೊದಲೇ ಕೊಳ್ಳೇಗಾಲದಲ್ಲಿ ನಿಂತು, ಹನೂರು, ಕೌದಳ್ಳಿ, ತಾಳಬೆಟ್ಟ ಎಂದು ಸೇರುವ ಜಾಗಗಳನ್ನು ಗೊತ್ತುಮಾಡಿಕೊಂಡರೆ ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಿಲ್ಲ. ತಾಳಬೆಟ್ಟದಲ್ಲಿ ಕೊನೆಯ ಬೈಕು ಬಂದ ಮೇಲೂ ಹತ್ತು ನಿಮಿಷ ನಿಲ್ಲುವುದು ಒಳ್ಳೆಯದು. ಮೊದಲು ಬಂದವರು ಅಷ್ಟರಲ್ಲಿ ಟೀ ಕುಡಿದಿರುತ್ತಾರೆ. ಕೊನೆಯವನಿಗೂ ನೀರು ಕುಡಿದು, ಬ್ರೇಕು, ಟೈರು ನೋಡಿಕೊಂಡು ಘಾಟಿ ಹತ್ತಲು ಅಷ್ಟು ಹೊತ್ತು ಬೇಕು.