ಸಿಕಲ್ ಸೆಲ್ ಕಾಯಿಲೆಯ ಮಕ್ಕಳಿಗೆ ಮಜ್ಜೆಯ ಚಿಕಿತ್ಸೆ

ಮಗುವಿಗೆ ರಕ್ತ ಕಡಿಮೆ ಅಂದರೆ ಕಬ್ಬಿಣದ ಮಾತ್ರೆ, ಹರಿವೆ ಸೊಪ್ಪು ಕೊಡಬೇಕೆಂಬುದು ಶಿರಾಲಿ, ಮುರ್ಡೇಶ್ವರ ಕಡೆ ಎಲ್ಲ ತಾಯಂದಿರಿಗೂ ಗೊತ್ತು. ಆದರೆ ಕೆಲವು ಮಕ್ಕಳಲ್ಲಿ ಇದಾವುದೂ ನಾಟುವುದಿಲ್ಲ. ಕಣ್ಣು ಹಳದಿಯಾಗುತ್ತದೆ, ಕೈಕಾಲು ಬೆರಳು ಊದುತ್ತವೆ, ಮೂಳೆ ನೋವಿಗೆ ಮಗು ರಾತ್ರಿಯೆಲ್ಲ ಅಳುತ್ತದೆ. ಅಂಥ ಮಗುವಿಗೆ ಸಿಕಲ್ ಸೆಲ್ ಕಾಯಿಲೆ ಇರಬಹುದು.

ದುಂಡಗಿರಬೇಕಾದ ಕೆಂಪು ರಕ್ತಕಣ ಇದರಲ್ಲಿ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ನೋವು ತರುತ್ತದೆ. 120 ದಿನ ಬಾಳಬೇಕಾದ ಕಣ 10-20 ದಿನಕ್ಕೇ ಸಾಯುತ್ತದೆ. ಇದು ಯಾರ ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ತಂದೆ ತಾಯಿ ಇಬ್ಬರೂ ಇದರ ವಾಹಕರಾಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿ ಬೆಟ್ಟದ ಜನರಲ್ಲಿ. ನಮ್ಮ ರಾಜ್ಯದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ. 2023ರ ಜುಲೈ 1ರಂದು ಶುರುವಾದ ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ತಪಾಸಣೆಗೆ ಕರೆದಾಗ ಹಿಂಜರಿಯಬೇಡಿ.

ಹೈಡ್ರಾಕ್ಸಿಯೂರಿಯಾ ಮಾತ್ರೆಯಿಂದ ನೋವಿನ ಸರದಿ ಕಡಿಮೆಯಾಗುತ್ತದೆ. ಬಹಳ ಮಕ್ಕಳು ಅದರಲ್ಲೇ ಚೆನ್ನಾಗಿ ಶಾಲೆಗೆ ಹೋಗುತ್ತಾರೆ. ಆದರೆ ಅದು ಕಾಯಿಲೆಯನ್ನು ಬೇರುಸಹಿತ ತೆಗೆಯುವುದಿಲ್ಲ. ತೆಗೆಯಬಲ್ಲದ್ದು ಆಕರ ಕೋಶಗಳ ಕಸಿ, ಅಂದರೆ ರಕ್ತ ಹುಟ್ಟುವ ಮೂಳೆಮಜ್ಜೆಯನ್ನೇ ಬದಲಿಸುವುದು. 1984ರಲ್ಲಿ ಅಮೆರಿಕದಲ್ಲಿ ರಕ್ತದ ಕ್ಯಾನ್ಸರ್‌ಗೆಂದು ಮಜ್ಜೆ ಪಡೆದ ಮಗುವಿನ ಸಿಕಲ್ ಸೆಲ್ ಕೂಡ ವಾಸಿಯಾಯಿತೆಂದು ವರದಿಯಾದಾಗ ಈ ದಾರಿ ತೆರೆಯಿತು. ಈಗ ಬೆಂಗಳೂರು, ವೆಲ್ಲೂರಿನಂಥ ಕಡೆ ಮಜ್ಜೆ ಕಸಿ ನಡೆಯುತ್ತದೆ.

ಇದು ಹಗುರವಾದ ಚಿಕಿತ್ಸೆಯಲ್ಲ. ಮೊದಲು ಬಲವಾದ ಔಷಧಿ ಕೊಟ್ಟು ಮಗುವಿನ ಹಳೇ ಮಜ್ಜೆಯನ್ನು ನಾಶ ಮಾಡುತ್ತಾರೆ. ಆಮೇಲೆ ದಾನಿಯ ಮಜ್ಜೆಯನ್ನು ರಕ್ತ ಏರಿಸುವ ಹಾಗೇ ಏರಿಸುತ್ತಾರೆ. ಹೊಸ ಕಣ ಹುಟ್ಟಲು ಎರಡು ಮೂರು ವಾರ ಬೇಕು. ಅಷ್ಟು ದಿನ ಮಗು ಬೇರೆ ಕೋಣೆಯಲ್ಲಿ ಇರಬೇಕು. ಸೋಂಕಿನ ಭಯ ಇದೆ. ಹೊಸ ಮಜ್ಜೆ ಮಗುವಿನ ಮೈ ಮೇಲೇ ತಿರುಗಿ ಬೀಳುವುದೂ ಉಂಟು, ಮುಂದೆ ಸಂತಾನಕ್ಕೆ ತೊಂದರೆಯಾಗಬಹುದು. ಖರ್ಚು ಹಲವು ಲಕ್ಷ. ಹಾಗಿದ್ದರೂ ಪೂರ್ತಿ ಹೊಂದುವ ಒಡಹುಟ್ಟಿದವರ ಮಜ್ಜೆ ಸಿಕ್ಕರೆ ಅನುಭವಿ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಪದೇ ಪದೇ ತೀವ್ರ ನೋವು, ಎದೆಯ ತೊಂದರೆ ಅಥವಾ ಪಾರ್ಶ್ವವಾಯು ಕಂಡ ಮಗುವಾದರೆ ಡಾಕ್ಟರ ಹತ್ತಿರ ಬೇಗ ಈ ಮಾತು ಎತ್ತಬೇಕು ಎಂಬುದು ನಮ್ಮ ಅಭಿಪ್ರಾಯ. ಅಂಗಗಳು ಕೆಟ್ಟ ಮೇಲೆ ಅಪಾಯ ಜಾಸ್ತಿ.

ಹೊಂದಾಣಿಕೆ ನೋಡಲು ಎಚ್‌ಎಲ್‌ಎ ಪರೀಕ್ಷೆ ಇದೆ. ಒಬ್ಬೊಬ್ಬ ಒಡಹುಟ್ಟಿದವರದೂ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತದ ಗುಂಪು ಬೇರೆಯಾದರೂ ಅಡ್ಡಿಯಿಲ್ಲ. ಅಣ್ಣನೋ ತಂಗಿಯೋ ಬರೇ ವಾಹಕರಾಗಿದ್ದರೂ ಕೊಡಬಹುದು. "ಒಂದು ಮಗು ಉಳಿಸಲು ಹೋಗಿ ಇನ್ನೊಂದು ಸೊರಗಿದರೆ?" ಎಂದು ಅಜ್ಜಿಯಂದಿರು ಕೇಳುತ್ತಾರೆ, ಕೇಳುವುದು ಸಹಜವೇ. ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಸೂಜಿಯಲ್ಲಿ ಮಜ್ಜೆ ತೆಗೀತಾರೆ, ಕೊಯ್ಯುವುದಿಲ್ಲ. ಕೆಲವು ದಿನ ಸೊಂಟ ನೋಯಬಹುದು. ತೆಗೆದಷ್ಟು ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.