ಮುಟ್ಟಿದರೆ ಕೇಸ್ ಆಗುವುದಿಲ್ಲ

"ಮುಟ್ಟಬೇಡಿ, ಪೊಲೀಸರು ಬರಲಿ."

ಹೆದ್ದಾರಿಯಲ್ಲಿ ಬೈಕ್ ಉರುಳಿ, ಸವಾರ ಡಾಂಬರಿನ ಮೇಲೆ ನರಳುತ್ತಿರುವಾಗ ಸುತ್ತ ಸೇರಿದವರಲ್ಲಿ ಒಬ್ಬರಾದರೂ ಈ ಮಾತು ಹೇಳುತ್ತಾರೆ. ಹೇಳುವವರು ಕಲ್ಲೆದೆಯವರಲ್ಲ. ಅದೇ ಊರಿನವರು, ಬೇರೆ ಹೊತ್ತಿನಲ್ಲಿ ದಾರಿ ಕೇಳಿದವರಿಗೆ ನೀರು ಕೊಟ್ಟು ಕಳಿಸುವವರು. ಆದರೆ ಆ ಕ್ಷಣದಲ್ಲಿ ಅವರ ಕಣ್ಣ ಮುಂದೆ ಬರುವುದು ಠಾಣೆಯ ಬೆಂಚು, ಮೂರು ವರ್ಷದ ನಂತರ ಮನೆಗೆ ಬರುವ ಸಮನ್ಸು, ಕೆಲಸ ಬಿಟ್ಟು ಕೋರ್ಟಿನ ಜಗುಲಿಯಲ್ಲಿ ಕಾಯುವ ದಿನಗಳು. ಇದೆಲ್ಲಕ್ಕಿಂತ ಹೆಚ್ಚಾಗಿ, "ನೀನೇ ಗುದ್ದಿರಬೇಕು, ಇಲ್ಲದಿದ್ದರೆ ನೀನ್ಯಾಕೆ ಕರೆದುಕೊಂಡು ಬಂದೆ?" ಎಂಬ ಪ್ರಶ್ನೆ. ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಅಪಘಾತದ ಗಾಯಾಳುವಿಗೆ ನೆರವಾಗಲಾರೆವು ಎಂದವರು ನೂರಕ್ಕೆ 74 ಮಂದಿ. ಅವರಲ್ಲಿ ಶೇ 88ರಷ್ಟು ಜನ ಕೊಟ್ಟ ಕಾರಣ ಪೊಲೀಸ್ ವಿಚಾರಣೆ ಮತ್ತು ಕಾನೂನಿನ ಕಿರಿಕಿರಿ.

ಈ ಭಯಕ್ಕೆ ಕಾನೂನಿನಲ್ಲಿ ಈಗ ಯಾವ ಆಧಾರವೂ ಇಲ್ಲ. ಕರ್ನಾಟಕದಲ್ಲಂತೂ ಅದನ್ನು ತೆಗೆದುಹಾಕಲೆಂದೇ ಪ್ರತ್ಯೇಕ ಕಾಯ್ದೆ ಬಂದು ವರ್ಷಗಳಾದವು. ಹೀಗಿದ್ದೂ "ಮುಟ್ಟಬೇಡಿ" ಎಂಬ ಮಾತು ರಸ್ತೆಬದಿಯಲ್ಲಿ ಉಳಿದುಕೊಂಡಿದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಕರ್ನಾಟಕದ ಪಾಲು 11,702, ಅಂದರೆ ದಿನವೊಂದಕ್ಕೆ 32 ಮನೆಗಳಲ್ಲಿ ಸೂತಕ. ಇವರೆಲ್ಲ ಗುದ್ದಿದ ಏಟಿಗೇ ಸತ್ತವರಲ್ಲ. ಸಕಾಲದಲ್ಲಿ, ಅಂದರೆ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿದ್ದರೆ ಅರ್ಧದಷ್ಟು ಜನರನ್ನು ಉಳಿಸಬಹುದಿತ್ತು ಎಂಬ ವೈದ್ಯರ ಅಭಿಪ್ರಾಯವನ್ನು ಭಾರತದ ಕಾನೂನು ಆಯೋಗ 2006ರಲ್ಲೇ ತನ್ನ 201ನೇ ವರದಿಯಲ್ಲಿ ದಾಖಲಿಸಿತ್ತು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಸಾವು ಬರಲು ಗಂಟೆಯೂ ಬೇಕಿಲ್ಲ, ಕೆಲವೇ ನಿಮಿಷ ಸಾಕು. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಹೆಗಲ ಮೇಲಿನ ಟವೆಲನ್ನೋ ದುಪಟ್ಟಾವನ್ನೋ ಮಡಿಸಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಬಲವಾಗಿ ಒತ್ತಿ ಹಿಡಿದರೆ, ಆ ಕೈಗಳೇ ಆಂಬುಲೆನ್ಸ್ ಬರುವವರೆಗಿನ ಚಿಕಿತ್ಸೆ. ಎಚ್ಚರ ತಪ್ಪಿ ಅಂಗಾತ ಬಿದ್ದವನ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಿಬಿಡಬಹುದು. ಕತ್ತು ತಿರುಚದಂತೆ ತಲೆಯನ್ನು ಹಿಡಿದುಕೊಂಡು ಉಸಿರಿಗೆ ದಾರಿ ಮಾಡಿಕೊಡುವುದನ್ನು ಅರ್ಧ ದಿನದ ತರಬೇತಿಯಲ್ಲಿ ಯಾರೂ ಕಲಿಯಬಹುದು. ಹತ್ತಿರ ಹೋಗಿ ಮುಟ್ಟುವವರು ಬೇಕು, ಅಷ್ಟೆ.

ಕಾನೂನು ಇಲ್ಲಿಯವರೆಗೆ ಬಂದ ದಾರಿ ದೀರ್ಘವಾದದ್ದು. 1980ರ ದಶಕದಲ್ಲಿ ಸ್ಕೂಟರ್ ಸವಾರನೊಬ್ಬನಿಗೆ ಕಾರು ಗುದ್ದಿತು. ಪುಣ್ಯಾತ್ಮರೊಬ್ಬರು ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದರು. ಅಲ್ಲಿ ಸಿಕ್ಕ ಉತ್ತರ: ಇದು ಮೆಡಿಕೋ-ಲೀಗಲ್ ಕೇಸು, ನಮ್ಮಲ್ಲಿ ತೆಗೆದುಕೊಳ್ಳುವುದಿಲ್ಲ, ಇಪ್ಪತ್ತು ಕಿಲೋಮೀಟರ್ ಆಚೆಯ ಇನ್ನೊಂದು ಆಸ್ಪತ್ರೆಗೆ ಹೋಗಿ. ಗಾಯಾಳು ದಾರಿಯಲ್ಲೇ ಪ್ರಾಣ ಬಿಟ್ಟ. ಪತ್ರಿಕೆಯಲ್ಲಿ ಬಂದ ಈ ಸುದ್ದಿಯನ್ನು ಹಿಡಿದುಕೊಂಡು ಪರಮಾನಂದ ಕಟಾರಾ ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್‌ನಲ್ಲಿ ಬಂದ ತೀರ್ಪು ಖಚಿತವಾಗಿತ್ತು: ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಮೊದಲ ಕರ್ತವ್ಯ, ಪೊಲೀಸ್ ಕಾಗದಪತ್ರ ಅದಕ್ಕೆ ಅಡ್ಡ ಬರುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಅಪಘಾತ ಮಾಡಿದ ಚಾಲಕನೇ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಮುಂದಾಗಬೇಕು ಎನ್ನುವ ಆ ಸೆಕ್ಷನ್, ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದೇ ಹೋದರೆ ಎಂಬ ವಿನಾಯಿತಿಯನ್ನೂ ಇಟ್ಟಿದೆ. ಕಾನೂನು ಬರೆದವರಿಗೆ ನಮ್ಮ ರಸ್ತೆಗಳ ಪರಿಚಯ ಚೆನ್ನಾಗಿಯೇ ಇತ್ತು.

ವೈದ್ಯರ ಹೊಣೆ ಹೀಗೆ ನಿಗದಿಯಾಯಿತು. ದಾರಿಹೋಕನ ಭಯ ಹಾಗೆಯೇ ಉಳಿಯಿತು. ಸೇವ್‌ಲೈಫ್ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ನೆರವಾಗುವವರ ರಕ್ಷಣೆಗೆ ಕೇಂದ್ರ ರೂಪಿಸಿದ್ದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಡುವವರೆಗೂ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ನಡೆದದ್ದನ್ನು ಕರ್ನಾಟಕ ಮರೆತಿಲ್ಲ. ಊರಿನಿಂದ ಬೆಂಗಳೂರಿಗೆ ಬೈಕಿನಲ್ಲಿ ವಾಪಸಾಗುತ್ತಿದ್ದ ಹರೀಶ್ ಎಂಬ ಯುವಕನ ಮೇಲೆ ಲಾರಿ ಹರಿದು ದೇಹ ಎರಡಾಯಿತು. ಆ ಸ್ಥಿತಿಯಲ್ಲೂ ಆತ ಕೇಳಿಕೊಂಡದ್ದು ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು. ಕಣ್ಣುಗಳನ್ನು ಪಡೆಯಲು ಸಾಧ್ಯವಾಯಿತು. ಮುಂದಿನ ತಿಂಗಳೇ ರಾಜ್ಯ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ'ಯನ್ನು ತಂದಿತು. ರಾಜ್ಯದ ಗಡಿಯೊಳಗೆ ಅಪಘಾತಕ್ಕೀಡಾದ ಯಾರಿಗೇ ಆಗಲಿ, ಅವರು ಯಾವ ರಾಜ್ಯದವರೇ ಆಗಿರಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗೆ ಸರ್ಕಾರವೇ ಹಣ ಕೊಡುವ ಯೋಜನೆ ಅದಾಗಿತ್ತು. ಗಾಯಾಳುವಿನ ಜೇಬಿನಲ್ಲಿ ಎಷ್ಟಿದೆ ಎಂದು ನೋಡದೆ ಸ್ಟ್ರೆಚರ್ ಒಳಗೆ ಹೋಗಬೇಕು ಎಂಬ ವಿಚಾರವನ್ನು ಇಷ್ಟು ಸರಳವಾಗಿ ಒಪ್ಪಿಕೊಂಡ ಈ ಯೋಜನೆಯ ಬಗ್ಗೆ ನನಗೆ ಅಪಾರ ಗೌರವ. ತಮಿಳುನಾಡು 2021ರ ಡಿಸೆಂಬರ್‌ನಲ್ಲಿ ಆರಂಭಿಸಿದ 'ಇನ್ನುಯಿರ್ ಕಾಪ್ಪೋಂ' ಯೋಜನೆ ಇದೇ 48 ಗಂಟೆಗಳ ಲೆಕ್ಕವನ್ನಿಟ್ಟುಕೊಂಡು, ಮೊತ್ತವನ್ನು ಒಂದು ಲಕ್ಷಕ್ಕೆ ಏರಿಸಿತು. ಐಸಿಯು ದರ ಗೊತ್ತಿದ್ದವರಿಗೆ 25 ಸಾವಿರ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಹೇಳಬೇಕಾಗಿಲ್ಲ.

ಹರೀಶ್ ಯೋಜನೆಯ ಜೊತೆಯಲ್ಲೇ 2016ರಲ್ಲಿ ರೂಪುಗೊಂಡದ್ದು, ನೆರವಾಗುವ ನಾಗರಿಕರನ್ನೂ ವೈದ್ಯಕೀಯ ಸಿಬ್ಬಂದಿಯನ್ನೂ ರಕ್ಷಿಸುವ ಕರ್ನಾಟಕದ 'ಗುಡ್ ಸಮರಿಟನ್' ವಿಧೇಯಕ. ಕೇಂದ್ರ ಕಾನೂನುಗಳ ವ್ಯಾಪ್ತಿಯನ್ನು ತಟ್ಟುವ ರಾಜ್ಯ ಕಾನೂನಿಗೆ ರಾಷ್ಟ್ರಪತಿಯ ಅಂಕಿತ ಬೇಕು. ಅದು ಸಿಕ್ಕಿದ್ದು 2018ರಲ್ಲಿ. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಕೂಡಲೇ ಹೊರಟುಹೋಗಬಹುದು. ಆಸ್ಪತ್ರೆ, ಅದು ಯಾರದೇ ಇರಲಿ, ಪ್ರಥಮ ಚಿಕಿತ್ಸೆ ಕೊಡಲೇಬೇಕು. ನೆರವಾದವರನ್ನು ಠಾಣೆಗೆ, ಕೋರ್ಟಿಗೆ ಪದೇ ಪದೇ ಅಲೆಸುವಂತಿಲ್ಲ. ಹೋಗಲೇಬೇಕಾಗಿ ಬಂದರೆ ಆ ಓಡಾಟದ ಖರ್ಚನ್ನು ಇದಕ್ಕೆಂದೇ ಇರುವ ನಿಧಿಯಿಂದ ಕೊಡಬೇಕು. ಈ ಕೊನೆಯ ಅಂಶ ಕಾಯ್ದೆಯ ಜೀವಾಳ ಎಂದು ನನಗನ್ನಿಸುತ್ತದೆ. ದಿನಗೂಲಿಯವನೊಬ್ಬ ಸಾಕ್ಷಿ ಹೇಳಲು ಹೋದ ದಿನ ಅವನ ಮನೆಯಲ್ಲಿ ಒಲೆ ಉರಿಯುವುದು ಹೇಗೆ ಎಂಬುದನ್ನು ಕಾನೂನೊಂದು ಯೋಚಿಸಿರುವುದು ಅಪರೂಪ.

ಅಂಕಿತಕ್ಕೆ ಕಾಯುತ್ತಿದ್ದ ಆ ನಡುವಿನ ದಿನಗಳಲ್ಲಿ, 2017ರ ಫೆಬ್ರವರಿಯಲ್ಲಿ, ಕೊಪ್ಪಳದಲ್ಲಿ ಬಸ್ಸಿನಡಿ ಸಿಕ್ಕ ಸೈಕಲ್ ಸವಾರನೊಬ್ಬ ರಕ್ತದ ಮಡುವಿನಲ್ಲಿ ಬಹಳ ಹೊತ್ತು ಬಿದ್ದಿದ್ದ. ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಇನ್ನೂ ಹದಿಹರೆಯದ ಹುಡುಗ. ಉಳಿಯಲಿಲ್ಲ. ಸುಪ್ರೀಂ ಕೋರ್ಟಿನ ಆದೇಶ ಬಂದು ಆಗ ಹತ್ತು ತಿಂಗಳಾಗಿತ್ತು. ಅಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಅದು ತಲುಪಿತ್ತು? 2018ರಲ್ಲಿ ಸೇವ್‌ಲೈಫ್ ಮತ್ತೆ ದೇಶದ ಹಲವು ನಗರಗಳಲ್ಲಿ ವಿಚಾರಿಸಿದಾಗ ಶೇ 84ರಷ್ಟು ಮಂದಿಗೆ ಇಂಥ ರಕ್ಷಣೆ ಇದೆಯೆಂಬುದೇ ಗೊತ್ತಿರಲಿಲ್ಲ.

2019ರಲ್ಲಿ ಸಂಸತ್ತು ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 134ಎ ಸೇರಿಸಿತು. ಸದುದ್ದೇಶದಿಂದ ನೆರವಾಗುವಾಗ ಕೈತಪ್ಪಿ ಏನಾದರೂ ಆದರೂ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. 2020ರ ನಿಯಮಗಳು ಇನ್ನೂ ಮುಂದೆ ಹೋದವು. ಹೆಸರು, ವಿಳಾಸ ಹೇಳಿ ಎಂದು ಯಾರೂ ಒತ್ತಾಯಿಸುವಂತಿಲ್ಲ. ತಾವಾಗಿ ಸಾಕ್ಷಿಯಾಗಲು ಒಪ್ಪಿದವರ ಹೇಳಿಕೆಯನ್ನು ಅವರಿಗೆ ಅನುಕೂಲವಾದ ಹೊತ್ತಿಗೆ, ಅವರ ಮನೆಯಲ್ಲೋ ಕೆಲಸದ ಜಾಗದಲ್ಲೋ ಪಡೆಯಬೇಕು. ಹಾಗೆ ಹೋಗುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಕೇರಿಯಲ್ಲಿ ಖಾಕಿ ಕಂಡರೆ ನೆರೆಯವರು ಏನೆಂದುಕೊಂಡಾರು ಎಂಬ ಮುಜುಗರವನ್ನು ಕೂಡ ನಿಯಮ ಗಮನಿಸಿದೆ.

ಇಷ್ಟೆಲ್ಲ ಇರುವಾಗ ಕೊರತೆ ಎಲ್ಲಿ? ಅದೇ ನಿಯಮಗಳ ಒಂದು ಸಣ್ಣ ಅಂಶವನ್ನು ನೋಡೋಣ. ಪ್ರತಿ ಆಸ್ಪತ್ರೆಯೂ ನೆರವಾದವರ ಹಕ್ಕುಗಳನ್ನು ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಬರೆದು ಬಾಗಿಲ ಬಳಿ ಎದ್ದು ಕಾಣುವಂತೆ ಹಾಕಬೇಕು. ಮುಂದಿನ ಸಲ ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದಾಗ ತುರ್ತು ವಿಭಾಗದ ಬಾಗಿಲಲ್ಲಿ ಒಂದು ಕ್ಷಣ ನಿಂತು ಹುಡುಕಿ. ಪಾರ್ಕಿಂಗ್ ದರದ ಫಲಕ, ವಿಮಾ ಕಂಪನಿಗಳ ಪಟ್ಟಿ, ಚಪ್ಪಲಿ ಹೊರಗೆ ಬಿಡಿ ಎನ್ನುವ ಸೂಚನೆ, ಇವುಗಳ ನಡುವೆ ಆ ಹಕ್ಕುಗಳ ಫಲಕ ಕನ್ನಡದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಕೇಳುವ ಹಕ್ಕು ನಿಮಗಿದೆ.

ಆಂಬುಲೆನ್ಸಿಗೆ ದಾರಿ ಬಿಡುವ ವಿಷಯವೂ ಹೀಗೆಯೇ. 2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ ನಲವತ್ತು ದಿನದ ಹಸುಗೂಸನ್ನು ಹೊತ್ತ ಆಂಬುಲೆನ್ಸ್ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆ ತಲುಪಿದ್ದನ್ನು ನಾಡೇ ಉಸಿರು ಬಿಗಿಹಿಡಿದು ನೋಡಿತು. ಊರೂರಲ್ಲಿ ಯುವಕರು ರಸ್ತೆಗಿಳಿದು ವಾಹನ ತಡೆದರು, ಪೊಲೀಸರು ಝೀರೋ ಟ್ರಾಫಿಕ್ ಮಾಡಿಕೊಟ್ಟರು. ನಮ್ಮ ಜನರ ಒಳ್ಳೆಯತನಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅದೇ ಸಂಜೆ ಬೇರೊಂದು ಊರಿನಲ್ಲಿ, ಯಾರೂ ಸುದ್ದಿ ಮಾಡದ ಇನ್ನೊಂದು ಆಂಬುಲೆನ್ಸ್ ಸಿಗ್ನಲಿನಲ್ಲಿ ಸೈರನ್ ಕೂಗುತ್ತಾ ನಿಂತಿರುತ್ತದೆ. ಅದರ ಪಾಲಿಗೆ ಇರುವುದು ಕಾನೂನೊಂದೇ. 2017ರ ವಾಹನ ಚಾಲನಾ ನಿಬಂಧನೆಗಳ ಪ್ರಕಾರ ತುರ್ತು ವಾಹನ ಬಂದಾಗ ಪಕ್ಕಕ್ಕೆ ಸರಿಯಬೇಕು, ಅದರ ಹಿಂದೆ 50 ಮೀಟರ್ ಒಳಗೆ ಹಿಂಬಾಲಿಸಬಾರದು. ತೆರವಾದ ದಾರಿಯಲ್ಲಿ ಆಂಬುಲೆನ್ಸಿನ ಬಾಲಕ್ಕೆ ಅಂಟಿಕೊಂಡು ನುಗ್ಗುವ ಕಾರು, ಬೈಕುಗಳನ್ನು ಎಲ್ಲರೂ ಕಂಡಿದ್ದೇವೆ. ಅದು ಅಪರಾಧವೆಂದು ಚಾಲನಾ ತರಬೇತಿಯಲ್ಲಿ ಒತ್ತಿ ಹೇಳುವವರು ಬಹಳ ಕಡಿಮೆ.

ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 2019ರ ತಿದ್ದುಪಡಿ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಇಟ್ಟಿತು. ಆದರೆ ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವ ಅಪರಾಧಗಳ ದಂಡದ ಮೊತ್ತ ನಿಗದಿಪಡಿಸುವ ಅಧಿಕಾರ ರಾಜ್ಯಗಳ ಕೈಯಲ್ಲಿದೆ. ಜನರ ಸಿಟ್ಟಿಗೆ ಮಣಿದ ಕರ್ನಾಟಕ 2019ರ ಸೆಪ್ಟೆಂಬರ್‌ನಲ್ಲೇ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಹಾಕದವರ ದಂಡ ಸಾವಿರದಿಂದ 500ಕ್ಕೆ ಬಂತು. 2023ರಲ್ಲಿ, ಮತ್ತೆ 2025ರಲ್ಲಿ, ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಲಾಯಿತು, ಜನ ಸಾಲುಗಟ್ಟಿ ಕಟ್ಟಿದರು. ಖಜಾನೆಗೆ ಹಣ ಬಂದಿರಬಹುದು. ಕಾದರೆ ಅರ್ಧಕ್ಕೆ ಇಳಿಯುತ್ತದೆ ಎಂಬ ಪಾಠವನ್ನೂ ಜನ ಕಲಿತರು. ಬಡವರ ಮೇಲಿನ ಹೊರೆ ಕಡಿಮೆಯಾಗಲಿ ಎನ್ನುವ ವಾದ ನನಗೆ ಅರ್ಥವಾಗುತ್ತದೆ, ಒಪ್ಪಲು ಆಗುವುದಿಲ್ಲ. ಹೆಲ್ಮೆಟ್ ಇಲ್ಲದೆ ತಲೆ ಒಡೆದುಕೊಂಡು ಬರುವವರಲ್ಲಿ ಹೆಚ್ಚಿನವರು ಅದೇ ಬಡವರು.

ಹಣದ ಕಡೆಯ ದೊಡ್ಡ ಬದಲಾವಣೆ ಈಚಿನದು. ಕೊಯಮತ್ತೂರಿನ ಮೂಳೆ ಶಸ್ತ್ರಚಿಕಿತ್ಸಕ ಡಾ. ಎಸ್. ರಾಜಶೇಖರನ್ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲೇ, 2025ರ ಜನವರಿ 8ರಂದು, ಮೊದಲ ಗಂಟೆಯ ನಗದುರಹಿತ ಚಿಕಿತ್ಸೆಗೆ ಯೋಜನೆ ಮಾಡಿ ಎಂದು ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಗಡುವು ಕೊಟ್ಟಿತು. ಮೋಟಾರು ವಾಹನ ಕಾಯ್ದೆಯ 162ನೇ ಸೆಕ್ಷನ್ ಇದನ್ನು 2019ರಲ್ಲೇ ಹೇಳಿತ್ತು. ಕಾರ್ಯರೂಪಕ್ಕೆ ತರಲು ಮಾತ್ರ ಯಾರೂ ಮುಂದಾಗಿರಲಿಲ್ಲ. ಮೇ 5ರಂದು ಅಧಿಸೂಚನೆ ಹೊರಬಿತ್ತು: ಪ್ರತಿ ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ ಏಳು ದಿನಗಳವರೆಗೆ. ರಾಜ್ಯದಲ್ಲಿ ಇದನ್ನು ನಡೆಸುವ ಹೊಣೆ ರಾಜ್ಯ ರಸ್ತೆ ಸುರಕ್ಷತಾ ಮಂಡಳಿಯದು. ಪೂರ್ತಿ ಸೌಲಭ್ಯ ಸಿಗುವುದು ಗುರುತಿಸಿದ ಆಸ್ಪತ್ರೆಗಳಲ್ಲಿ ಮಾತ್ರ. ಉಳಿದೆಡೆ ಸ್ಥಿತಿ ಸ್ಥಿರಗೊಳಿಸುವಷ್ಟು ಚಿಕಿತ್ಸೆಗಷ್ಟೇ ಅವಕಾಶ. ಹಾಗಾಗಿ ಗುರುತಿಸಿದ ಆಸ್ಪತ್ರೆ ಎಷ್ಟು ದೂರದಲ್ಲಿದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಿದ್ದವರಿಗೂ ಶಿರಾಡಿ ಘಾಟಿಯ ತಿರುವಿನಲ್ಲಿ ರಾತ್ರಿ ಮಳೆಯಲ್ಲಿ ಬಿದ್ದವರಿಗೂ ಕಾಗದದಲ್ಲಿ ಹಕ್ಕು ಒಂದೇ. 2008ರ ನವೆಂಬರಿನಿಂದ ಓಡುತ್ತಿರುವ ನಮ್ಮ 108 ಆಂಬುಲೆನ್ಸ್‌ಗಳ ಚಾಲಕರಿಗೆ, ಹೆದ್ದಾರಿ ಗಸ್ತಿನವರಿಗೆ, ಘಾಟಿಯ ಚೆಕ್‌ಪೋಸ್ಟಿನ ಸಿಬ್ಬಂದಿಗೆ ಗುರುತಿಸಿದ ಆಸ್ಪತ್ರೆಗಳ ಪಟ್ಟಿ ಬಾಯಿಪಾಠವಾಗಿರಬೇಕು. ಘಾಟಿಗಳ ಎರಡೂ ಬುಡದ ತಾಲ್ಲೂಕು ಆಸ್ಪತ್ರೆಗಳನ್ನು ಆ ಪಟ್ಟಿಗೆ ತಕ್ಕಂತೆ ಸಜ್ಜುಗೊಳಿಸಬೇಕು.

ರಾಜ್ಯದ ಬಳಿ ಸಾಧನಗಳಿಲ್ಲದೆ ಇಲ್ಲ. 2017ರಲ್ಲಿ ಕಾಯ್ದೆ ಮಾಡಿ ರಸ್ತೆ ಸುರಕ್ಷತಾ ಪ್ರಾಧಿಕಾರ ಸ್ಥಾಪಿಸಿದ್ದೇವೆ. ಅದೇ ವರ್ಷ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯಾಗಿ, ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯುವಂತಿಲ್ಲ ಎಂದಾಯಿತು. ಆ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಆಸ್ಪತ್ರೆಯ ನೋಂದಣಿ ನವೀಕರಣಕ್ಕೆ ಕಡತ ಮೇಜಿಗೆ ಬಂದಾಗ, ಹಕ್ಕುಗಳ ಫಲಕ ಬಾಗಿಲಲ್ಲಿ ಕನ್ನಡದಲ್ಲಿದೆಯೇ ಎಂಬ ಒಂದು ಸಾಲನ್ನು ತಪಾಸಣಾ ಪಟ್ಟಿಗೆ ಸೇರಿಸಲು ಹೊಸ ಕಾನೂನು ಬೇಡ, ಹೊಸ ಬಜೆಟ್ಟೂ ಬೇಡ, ಒಂದು ಸುತ್ತೋಲೆ ಸಾಕು. ಲೈಸೆನ್ಸ್ ಪರೀಕ್ಷೆಯಲ್ಲಿ 134ಎ ಬಗ್ಗೆ ಒಂದು ಪ್ರಶ್ನೆ ಇಡಲು, ಪ್ರತಿ ಠಾಣೆಯ ಹೊಸ ಕಾನ್‌ಸ್ಟೆಬಲ್‌ಗಳಿಗೆ ಆ ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಲು ಕೂಡ ಅಷ್ಟೇ ಸಾಕು. ಸಾಕ್ಷಿಗಳ ಓಡಾಟದ ಖರ್ಚಿಗೆಂದು ಇರುವ ನಿಧಿಯಿಂದ ಪ್ರತಿ ಜಿಲ್ಲೆಯಲ್ಲಿ ಎಷ್ಟು ಜನರಿಗೆ ಎಷ್ಟು ಹಣ ಸಂದಿದೆ ಎಂಬ ಪ್ರಶ್ನೆಯನ್ನು ಮುಂದಿನ ಅಧಿವೇಶನದಲ್ಲಿ ಯಾವುದೇ ಶಾಸಕರು ಕೇಳಬಹುದು, ಸಾರಿಗೆ ಮತ್ತು ಆರೋಗ್ಯ ಇಲಾಖೆಗಳು ಲಿಖಿತ ಉತ್ತರ ಕೊಡಬಹುದು.